ಆರನೇ ಸೆಮ್‌ಗೆ ಎಕ್ಸ್‌ಚೇಂಜ್: ಶಿವಮೊಗ್ಗದಿಂದ ಜರ್ಮನಿ ಅಥವಾ ಜಪಾನ್, ತಯಾರಿ ಎಲ್ಲಿಂದ ಶುರು ಮಾಡಬೇಕು?

ತೀರ್ಥಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿಇ ಎಲೆಕ್ಟ್ರಾನಿಕ್ಸ್, ಈಗ ನಾಲ್ಕನೇ ಸೆಮ್. ಕಾಲೇಜು ವಿಟಿಯು ಅಡಿಯಲ್ಲಿದ್ದು ಅಟಾನಮಸ್ ಆಗಿದೆ. ಸಿಜಿಪಿಎ 8.2, ಬ್ಯಾಕ್‌ಲಾಗ್ ಇಲ್ಲ. ಜರ್ಮನಿಯ ಒಂದು ಹೋಖ್‌ಶೂಲೆ (ಅನ್ವಯಿಕ ವಿಜ್ಞಾನಗಳ ಉನ್ನತ ಶಿಕ್ಷಣ ಸಂಸ್ಥೆ), ಜಪಾನಿನ ಒಂದು ಯೂನಿವರ್ಸಿಟಿ, ಎರಡರ ಜತೆಗೂ ಎಂಒಯು (ಒಡಂಬಡಿಕೆ) ಇದೆ ಅಂತ ಕಾಲೇಜಿನ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಆದರೆ ನಮ್ಮ ಡಿಪಾರ್ಟ್‌ಮೆಂಟಿನಿಂದ ಈತನಕ ಯಾರೂ ಹೋಗಿಲ್ಲ. ಹಾಗಾಗಿ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಐದನೇ ಸೆಮ್‌ಗೆ ಹೋಗುವುದೋ, ಆರನೆಯದಕ್ಕೋ? ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬಾರದೆ ವರ್ಷ ಹಾಳಾದರೆ ಅಂತ ಮನೆಯಲ್ಲಿ ಹೆದರಿಕೆ. ಒಟ್ಟು ಎಷ್ಟು ದುಡ್ಡು ಬೇಕು? ಅಪ್ಪನದ್ದು ಅಡಕೆ ತೋಟ, ಐಟಿ ರಿಟರ್ನ್ಸ್ ಹಾಕಿದವರಲ್ಲ, ಉಳಿತಾಯ ಹೆಚ್ಚಿನದು ಸೊಸೈಟಿಯಲ್ಲಿದೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜತೆ ಎರಡು ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಇದರ ಮಧ್ಯೆ ಬೆಂಗಳೂರಿನ ಒಬ್ಬ ಏಜೆಂಟ್ "ಸೆಮಿಸ್ಟರ್ ಅಬ್ರಾಡ್, 9 ಲಕ್ಷ, ಎಲ್ಲಾ ನಾವೇ ಮಾಡಿಕೊಡ್ತೀವಿ" ಅಂತಿದ್ದಾನೆ. ತಿಳಿದವರು ದಯವಿಟ್ಟು ಹೇಳಿ.

ಶಂಕರಘಟ್ಟ ರಸ್ತೆ

ಏಜೆಂಟನ ವಿಷಯ ಮೊದಲು ಮುಗಿಸೋಣ. ಅವನು ಮಾರುತ್ತಿರುವುದು ಎಕ್ಸ್‌ಚೇಂಜ್ ಅಲ್ಲ. ಎಕ್ಸ್‌ಚೇಂಜ್‌ನಲ್ಲಿ ನೀವು ಫೀಸನ್ನು ಇಲ್ಲಿನ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿ ಟ್ಯೂಷನ್ ಫೀಸ್ ಇರುವುದಿಲ್ಲ, ನಿಮ್ಮ ಹೆಸರನ್ನು ಕಾಲೇಜೇ ಆ ಕಡೆಗೆ ಕಳಿಸುತ್ತದೆ. ಇದಕ್ಕೆ ನಾಮಿನೇಷನ್ ಅನ್ನುತ್ತಾರೆ. ಏಜೆಂಟ್ ಕಳಿಸುವುದು ಪೂರ್ತಿ ಫೀಸ್ ಕಟ್ಟಿ ಓದುವ ವಿಸಿಟಿಂಗ್ ಸ್ಟೂಡೆಂಟ್ ಆಗಿ. ಅದರಲ್ಲಿ ಮೋಸವೇ ಇರಬೇಕೆಂದಿಲ್ಲ, ಆದರೆ ಅಲ್ಲಿ ಗಳಿಸಿದ ಕ್ರೆಡಿಟ್ಟನ್ನು ಒಪ್ಪಬೇಕಾದ ಹೊಣೆ ನಿಮ್ಮ ಕಾಲೇಜಿಗೆ ಇರುವುದಿಲ್ಲ. ಇರುವ ಎಂಒಯು ಬಿಟ್ಟು ಆ ದಾರಿ ಹಿಡಿಯುವುದಕ್ಕೆ ಕಾರಣವೇ ಇಲ್ಲ.

ಹಾಗಂತ ಎಂಒಯು ಇದ್ದ ಮಾತ್ರಕ್ಕೆ ಕೆಲಸ ಆಯಿತೆಂದಲ್ಲ. ಕಾಲೇಜುಗಳು ಫೋಟೊ ಸಮೇತ ಹಾಕಿಕೊಳ್ಳುವ ಎಂಒಯುಗಳಲ್ಲಿ ಬಹಳಷ್ಟು "ಪರಸ್ಪರ ಸಹಕಾರ" ಎಂಬ ಎರಡು ಪುಟದ ಕಾಗದ. ವಿದ್ಯಾರ್ಥಿ ಹೋಗಬೇಕೆಂದರೆ ಅದರ ಮೇಲೆ ಸ್ಟೂಡೆಂಟ್ ಎಕ್ಸ್‌ಚೇಂಜ್ ಅಗ್ರಿಮೆಂಟ್ ಬೇರೆಯಾಗಿ ಆಗಿರಬೇಕು. ಅದರ ಪ್ರತಿ ಕೇಳಿ ತೆಗೆದುಕೊಂಡು ನೋಡಿ: ಅವಧಿ ಇನ್ನೂ ಇದೆಯೇ, ನಿಮ್ಮ ಬ್ರಾಂಚ್ ಸೇರಿದೆಯೇ, ವರ್ಷಕ್ಕೆ ಎಷ್ಟು ಸೀಟು, ಟ್ಯೂಷನ್ ಫೀ ಮನ್ನಾ ಎಂದು ಸ್ಪಷ್ಟವಾಗಿ ಬರೆದಿದೆಯೇ. ಯಾರನ್ನು ಕೇಳುವುದು ಎನ್ನುವುದಕ್ಕೆ, ಯುಜಿಸಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಆಫೀಸ್ ಫಾರ್ ಇಂಟರ್‌ನ್ಯಾಷನಲ್ ಅಫೇರ್ಸ್ ಇರಬೇಕೆಂದಿದೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಅದು ಸಾಮಾನ್ಯವಾಗಿ ಒಬ್ಬ ಪ್ರೊಫೆಸರ್‌ಗೆ ಕೊಟ್ಟ ಹೆಚ್ಚುವರಿ ಕೆಲಸ. ಪ್ರಿನ್ಸಿಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿನ ವಿಚಾರಣೆಗೆ ಬಾಯಿಮಾತಿನ ಉತ್ತರವೇ ಸಿಗುವುದು.

ಈಗ ಕ್ರೆಡಿಟ್. ಮನೆಯವರು ಹೆದರಿದ್ದು ಸುಮ್ಮನೆ ಅಲ್ಲ. ಆರನೇ ಸೆಮ್‌ನ ವಿಷಯಗಳು ವರ್ಷಕ್ಕೊಮ್ಮೆ ಮಾತ್ರ ತರಗತಿಗೆ ಬರುತ್ತವೆ. ಹಾಗಾಗಿ ಅಲ್ಲಿಯ ಕ್ರೆಡಿಟ್ ಇಲ್ಲಿ ನಿಲ್ಲದಿದ್ದರೆ ಕಳೆದುಕೊಳ್ಳುವುದು ಆರು ತಿಂಗಳಲ್ಲ, ಒಂದು ವರ್ಷ. ಅದಕ್ಕೇ ಹೊರಡುವ ಮೊದಲು ಲರ್ನಿಂಗ್ ಅಗ್ರಿಮೆಂಟ್ ಆಗಬೇಕು. ಒಂದು ಕಡೆ ಅಲ್ಲಿ ತೆಗೆದುಕೊಳ್ಳುವ ವಿಷಯ, ಅದರ ಎದುರಿಗೆ ಇಲ್ಲಿ ಬಿಡುವ ವಿಷಯ, ಕೆಳಗೆ ನಿಮ್ಮದು, ಇಲ್ಲಿಯವರದು, ಅಲ್ಲಿಯವರದು ಎಂದು ಮೂರು ಸಹಿ. ಅಟಾನಮಸ್ ಕಾಲೇಜಿನಲ್ಲಿ ಇದು ಬೋರ್ಡ್ ಆಫ್ ಸ್ಟಡೀಸ್ ಒಪ್ಪಿಗೆ ಪಡೆದು ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗಬೇಕು. ಎಚ್‌ಒಡಿ "ನೋಡೋಣ, ಮಾಡೋಣ" ಅಂದದ್ದು ಸಾಕಾಗುವುದಿಲ್ಲ, ನೀವು ತಿರುಗಿ ಬರುವ ಹೊತ್ತಿಗೆ ಎಚ್‌ಒಡಿಯೇ ಬದಲಾಗಿರಬಹುದು. ಸಭೆಯ ನಡಾವಳಿಯ ಉಲ್ಲೇಖ ಇರುವ ಪತ್ರ ಕೈಯಲ್ಲಿರಲಿ. ಕೌನ್ಸಿಲ್ ತಿಂಗಳಿಗೊಮ್ಮೆ ಸೇರುವುದಿಲ್ಲ, ಮುಂದಿನ ಸಭೆ ಯಾವಾಗ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಅಟಾನಮಸ್ ಅಲ್ಲದ ಕಾಲೇಜಿನವರಾದರೆ ಕಾಗದ ಬೆಳಗಾವಿಗೇ ಹೋಗಬೇಕು, ಕುವೆಂಪು ವಿವಿಯ ಡಿಗ್ರಿ ಕಾಲೇಜಿನವರು ಶಂಕರಘಟ್ಟದಲ್ಲಿ ಕೇಳಬೇಕು.

ಲೆಕ್ಕ ಹೀಗೆ. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಅಲ್ಲಿಯ ಕ್ರೆಡಿಟ್), ಒಂದು ಇಸಿಟಿಎಸ್‌ಗೆ ಮನೆಯ ಓದೂ ಸೇರಿ 25ರಿಂದ 30 ಗಂಟೆ ಕೆಲಸ. ನಮ್ಮಲ್ಲಿ ಕ್ರೆಡಿಟ್ ಅಳೆಯುವುದು ಕ್ಲಾಸಿನ ಗಂಟೆಯಿಂದ: ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು, ಎರಡು ಗಂಟೆ ಲ್ಯಾಬ್‌ಗೆ ಒಂದು. ಆದ್ದರಿಂದ ಇಸಿಟಿಎಸ್ ಅಂಕಿಯನ್ನು ನೇರ ಹೋಲಿಸಬೇಡಿ, ಅಲ್ಲಿಯ ಮಾಡ್ಯೂಲ್ ಹ್ಯಾಂಡ್‌ಬುಕ್ (ಅಲ್ಲಿ ಮಾಡ್ಯೂಲ್ ಅಂದರೆ ಒಂದು ವಿಷಯ) ತೆಗೆದು ಎಸ್‌ಡಬ್ಲ್ಯೂಎಸ್ ಎಂಬ ಸಾಲು ನೋಡಿ, ಅದು ವಾರದ ಗಂಟೆ. 5 ಇಸಿಟಿಎಸ್‌ನ ಒಂದು ಮಾಡ್ಯೂಲ್‌ಗೆ ಸಾಮಾನ್ಯವಾಗಿ 4 ಎಸ್‌ಡಬ್ಲ್ಯೂಎಸ್. ಅದರಲ್ಲಿ ಎರಡು ಪಾಠ, ಎರಡು ಲ್ಯಾಬ್ ಇದ್ದರೆ ನಮ್ಮ ಲೆಕ್ಕದಲ್ಲಿ 3 ಕ್ರೆಡಿಟ್. ಅಂಥ ಆರು ಮಾಡ್ಯೂಲ್ ಅಂದರೆ ಅಲ್ಲಿಗೆ 30, ಇಲ್ಲಿಗೆ 18. ನಾಲ್ಕೂ ಪಾಠವೇ ಆದರೆ 4 ಕ್ರೆಡಿಟ್ ಕೇಳಬಹುದು. ಅವರ "ಗಂಟೆ" 45 ನಿಮಿಷದ್ದು ಎಂದು ಬೋರ್ಡಿನಲ್ಲಿ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ಮನೆ ಓದಿನ ಗಂಟೆಯ ಪಟ್ಟಿಯನ್ನೂ ಜತೆಗಿಟ್ಟು ಕೊಟ್ಟರೆ ಆ ಮಾತು ಅಲ್ಲೇ ನಿಲ್ಲುತ್ತದೆ. ಸಿಲಬಸ್ ಹೋಲಿಕೆಯನ್ನು ನೀವೇ ತಯಾರು ಮಾಡಿ: ನಮ್ಮ ವಿಷಯದ ಐದು ಮಾಡ್ಯೂಲ್ (ನಮ್ಮಲ್ಲಿ ಮಾಡ್ಯೂಲ್ ಅಂದರೆ ಒಂದು ವಿಷಯದ ಭಾಗ), ಪ್ರತಿಯೊಂದರ ಪಕ್ಕ ಅಲ್ಲಿಯ ಯಾವ ಪಾಠ ಅದನ್ನು ಮುಟ್ಟುತ್ತದೆ ಎಂದು. ಮೂರು ನಾಲ್ಕು ಹೊಂದಿದರೆ ವಾದಿಸಲು ಜಾಗ ಇದೆ. ಎಲೆಕ್ಟಿವ್‌ಗಳು ಸುಲಭವಾಗಿ ಹೊಂದುತ್ತವೆ, ಕೋರ್ ವಿಷಯ ಕಷ್ಟ.

ಪಟ್ಟಿಯಲ್ಲಿ ಮರೆತುಹೋಗುವುದು ಪಾಠದ ವಿಷಯಗಳಲ್ಲದ ಸಂಗತಿಗಳು. ಎನ್‌ಎಸ್‌ಎಸ್, ಯೋಗ ಇಲ್ಲವೇ ದೈಹಿಕ ಶಿಕ್ಷಣ ಎಂದು ಕಡ್ಡಾಯ ಮಾಡಿರುವ ಕೋರ್ಸ್, 100 ಆಕ್ಟಿವಿಟಿ ಪಾಯಿಂಟ್, ಪ್ರಾಜೆಕ್ಟ್ ಮೊದಲ ಹಂತ. ಇವಕ್ಕೆ ಜರ್ಮನಿಯಲ್ಲಿ ಸಮ ಇಲ್ಲ. ಒಂದೊಂದಕ್ಕೂ "ಐದರಲ್ಲೇ ಮುಗಿಸುವುದು" ಅಥವಾ "ಏಳರಲ್ಲಿ ಮಾಡುವುದು" ಎಂದು ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಪ್ರಾಜೆಕ್ಟ್ ತಂಡದವರಿಗೂ ಮೊದಲೇ ಹೇಳಿಬಿಡಿ.

ಐದೋ ಆರೋ ಎಂದರೆ, ಆರು. ಜರ್ಮನಿಯ ಚಳಿಗಾಲದ ಸೆಮ್‌ಗೆ ನಾಮಿನೇಷನ್ ಸಾಮಾನ್ಯವಾಗಿ ಮಾರ್ಚ್ ಏಪ್ರಿಲ್ ಮೇಯಲ್ಲೇ ಮುಗಿಯುತ್ತದೆ, ಐದನೆಯದಕ್ಕೆ ನಿಮಗೆ ಹೊತ್ತು ಮೀರಿದೆ. ಬೇಸಿಗೆ ಸೆಮ್‌ಗೆ ಅಕ್ಟೋಬರ್ ನವೆಂಬರ್. ಇನ್ನೊಂದು ಅನುಕೂಲ ಇದೆ. ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಬೇಸಿಗೆ ಸೆಮ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಕೆಲವು ಪರೀಕ್ಷೆ ಆಗಸ್ಟ್ ಸೆಪ್ಟೆಂಬರ್‌ವರೆಗೂ ಜಗ್ಗುತ್ತವೆ. ಹೋಖ್‌ಶೂಲೆಗಳಲ್ಲಿ ಮಾರ್ಚ್‌ನಲ್ಲೇ ಶುರು, ಪರೀಕ್ಷೆ ಜುಲೈಯಲ್ಲಿ. ಏಳನೇ ಸೆಮ್‌ಗೂ ಪ್ಲೇಸ್‌ಮೆಂಟ್‌ಗೂ ಸರಿಯಾಗಿ ಬಂದು ಸೇರಬಹುದು.

ಬೇಸಿಗೆ ಸೆಮ್‌ನ ಒಂದು ತೊಡಕು: ಇಂಗ್ಲಿಷಿನಲ್ಲಿ ಹೇಳುವ ಮಾಡ್ಯೂಲ್ ಕಡಿಮೆ ಇರುತ್ತದೆ, ಕೆಲವು ಚಳಿಗಾಲದಲ್ಲಿ ಮಾತ್ರ ನಡೆಯುತ್ತವೆ. ಹ್ಯಾಂಡ್‌ಬುಕ್ಕಿನಲ್ಲಿ ಭಾಷೆ ಮತ್ತು ಸೆಮ್ ಎರಡೂ ಕಾಲಂ ನೋಡದೆ ಪಟ್ಟಿ ಮಾಡಬೇಡಿ. ಆರು ಮಾಡ್ಯೂಲ್ ಬೇಕಿದ್ದರೆ ಎಂಟಕ್ಕೆ ಒಪ್ಪಿಗೆ ಪಡೆದುಕೊಳ್ಳಿ. ಅಲ್ಲಿ ಹೋದಮೇಲೆ ಟೈಮ್‌ಟೇಬಲ್‌ನಲ್ಲಿ ಎರಡು ಒಂದೇ ಹೊತ್ತಿಗೆ ಬೀಳುವುದು ಸಾಮಾನ್ಯ.

ಪಹಣಿ ಅಕ್ಕ

ಕ್ರೆಡಿಟ್ ವಿಚಾರ ಮೇಲಿನವರು ಹೇಳಿದ್ದಾರೆ. ದುಡ್ಡಿನದು ನಾನು ಹೇಳ್ತೀನಿ ತಮ್ಮಾ, ಅಡಕೆ ಮನೆಯವರಿಗೆ ಇದರಲ್ಲಿ ಬೇರೆಯದೇ ತಾಪತ್ರಯ ಇದೆ.

ಜರ್ಮನಿಗೆ ಬ್ಲಾಕ್ಡ್ ಅಕೌಂಟ್ ಬೇಕು. ತಿಂಗಳಿಗೆ 992 ಯೂರೋ ಲೆಕ್ಕ, ವರ್ಷಕ್ಕಾದರೆ 11,904. ನೀನು ಹೋಗುವುದು ಆರು ತಿಂಗಳಿಗೆ, ಅಂದರೆ 5,952. ಯೂರೋ ನೂರು ರೂಪಾಯಿ ಅಂತ ಹಿಡಿದರೆ ಹತ್ತಿರ ಆರು ಲಕ್ಷ. ಇದು ಫೀಸಲ್ಲ, ನಿನ್ನದೇ ದುಡ್ಡು, ಅಲ್ಲಿ ತಿಂಗಳಿಗೊಂದು ಕಂತಾಗಿ ಕೈಗೆ ಬರುತ್ತದೆ. ಇದರ ಹೊರಗೆ ವೀಸಾಕ್ಕೆ 75 ಯೂರೋ, ಹೋಗಿಬರುವ ಟಿಕೆಟ್ಟು 60ರಿಂದ 90 ಸಾವಿರ, ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ 100ರಿಂದ 400 ಯೂರೋ, ರೂಮಿನ ಠೇವಣಿ. ಹೆಲ್ತ್ ಇನ್ಶೂರೆನ್ಸ್ ತಿಂಗಳಿಗೆ 140 ಯೂರೋ ಆಸುಪಾಸು, ಅದನ್ನು ತಿಂಗಳ ಕಂತಿನೊಳಗೇ ಕಟ್ಟಬೇಕು. ಹಾಸ್ಟೆಲ್ ಸಿಕ್ಕರೆ ಬಾಡಿಗೆ 250ರಿಂದ 400. ಅಡುಗೆ ಮಾಡಿಕೊಂಡರೆ 992ರಲ್ಲಿ ಬದುಕಬಹುದು, ಮ್ಯೂನಿಕ್‌ನಂಥ ಊರಾದರೆ ಕಷ್ಟ. ಒಟ್ಟು ಏಳೂವರೆಯಿಂದ ಎಂಟು ಲಕ್ಷ ಓಡಾಡಿಸುವ ಶಕ್ತಿ ಬೇಕು ಅಂತಿಟ್ಟುಕೋ.

ಬ್ಲಾಕ್ಡ್ ಅಕೌಂಟಿನ ಒಂದು ಒಳ್ಳೆಯ ಗುಣ ಏನೆಂದರೆ, ದುಡ್ಡು ಅಲ್ಲಿ ಕೂತಿತು ಅಂದಮೇಲೆ ಅಪ್ಪನ ಆದಾಯದ ಕಾಗದ ಅಷ್ಟಾಗಿ ಬೇಕಾಗುವುದಿಲ್ಲ. ಜಪಾನ್, ಫ್ರಾನ್ಸ್ ಕಡೆ ಹಾಗಲ್ಲ, ಸ್ಪಾನ್ಸರ್ ಯಾರು, ಅವರ ಆದಾಯ ಎಲ್ಲಿಂದ ಅಂತ ತೋರಿಸಬೇಕು. ಅಲ್ಲಿ ನಮ್ಮವರು ಎಡವುವ ಜಾಗಗಳನ್ನು ಹೇಳ್ತೀನಿ ಕೇಳು.

ಅಡಕೆ ದುಡ್ಡು ವರ್ಷದಲ್ಲಿ ಒಂದೆರಡು ಸಲ ದೊಡ್ಡ ಮೊತ್ತವಾಗಿ ಖಾತೆಗೆ ಬೀಳುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹತ್ತು ತಿಂಗಳು ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ನಾಲ್ಕು ಲಕ್ಷ. ಹೊರಗಿನವರ ಕಣ್ಣಿಗೆ ಇದು ವೀಸಾಕ್ಕಾಗಿ ಕೈಗಡ ತಂದು ತುಂಬಿದ ಹಾಗೆ ಕಾಣುತ್ತದೆ. ಆ ತಾರೀಕಿಗೆ ಹೊಂದುವ ಮ್ಯಾಮ್‌ಕೋಸ್ (ಅಡಕೆ ಮಾರಾಟದ ಸಹಕಾರ ಸಂಘ) ಅಥವಾ ಎಪಿಎಂಸಿ ಮಂಡಿಯ ಮಾರಾಟದ ಪಟ್ಟಿಯನ್ನು ಪಕ್ಕಕ್ಕೆ ಇಟ್ಟು, ಇಂಗ್ಲಿಷಿನಲ್ಲಿ ಅರ್ಧ ಪುಟದ ವಿವರಣೆ ಬರೆದು ಸೇರಿಸಬೇಕು: ಬೆಳೆ ಇಂಥದ್ದು, ಕೊಯ್ಲು ಇಂಥ ತಿಂಗಳು, ಮಾರಾಟ ಇಂಥ ದಿನ. ಹಿಂದಿನ ವರ್ಷದ ಪಟ್ಟಿಯನ್ನೂ ಇಟ್ಟರೆ ಪ್ರತಿ ವರ್ಷ ಹೀಗೇ ಅಂತ ತಿಳಿಯುತ್ತದೆ. ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಎರಡನ್ನೂ ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸು. ಆದಾಯ ಪ್ರಮಾಣಪತ್ರದಲ್ಲಿ ಸವಲತ್ತಿಗೆಂದು 40 ಸಾವಿರ ಬರೆಸಿಕೊಂಡಿದ್ದು, ಸ್ಟೇಟ್‌ಮೆಂಟಿನಲ್ಲಿ ಎಂಟು ಲಕ್ಷ ಇದ್ದರೆ ಎರಡನ್ನೂ ಒಟ್ಟಿಗೆ ಇಡಬೇಡ, ಮೊದಲು ಸರಿಯಾದ ಪ್ರಮಾಣಪತ್ರ ಮಾಡಿಸು.

ಸೊಸೈಟಿ ಪಾಸ್‌ಬುಕ್ಕನ್ನು ಕೈಬರಹದಲ್ಲಿ ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಅರ್ಜಿಗೆ ಆರು ತಿಂಗಳು ಮುಂಚೆಯೇ ದುಡ್ಡನ್ನು ರಾಷ್ಟ್ರೀಕೃತ ಬ್ಯಾಂಕಿನ ಉಳಿತಾಯ ಖಾತೆಗೆ ತಂದು ಹಾಗೇ ಬಿಡು. ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಖಾತೆ ತೋರಿಸಲೇಬೇಡ, ಅದು ಸಾಲದ ಖಾತೆ, ಅದರ ಮಿತಿ ನಿಮ್ಮ ದುಡ್ಡಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ರಿಟರ್ನ್ ಹಾಕಬಾರದು ಅಂತೇನಿಲ್ಲ. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಐಟಿಆರ್-1 ಆಗುವುದಿಲ್ಲ, ಐಟಿಆರ್-2ರಲ್ಲಿ ತೋರಿಸಬೇಕು. ಜಪಾನ್ ಕಡೆ ಮನಸ್ಸಿದ್ದರೆ ಈ ವರ್ಷದ್ದೊಂದು ಹಾಕಿಸಿಬಿಡು, ಶಿವಮೊಗ್ಗದಲ್ಲಿ ಯಾವ ಆಡಿಟರ್ ಬೇಕಾದರೂ ಮಾಡಿಕೊಡುತ್ತಾರೆ.

ಸಾಲ ಮಾಡುವುದಾದರೆ ತೋಟ ಅಡ ಇಡುತ್ತೀವಿ ಅಂದುಕೊಂಡು ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಬರುವವರು ಬಹಳ. ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಸಾಲ ಕಟ್ಟದಿದ್ದರೆ ಬ್ಯಾಂಕು ಅದನ್ನು ಸುಲಭವಾಗಿ ಹರಾಜು ಹಾಕುವ ಹಾಗಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟವನ್ನು ಆಧಾರವಾಗಿ ಇಟ್ಟುಕೊಳ್ಳಲು ಹಿಂಜರಿಯುತ್ತಾರೆ. ಬಗರ್‌ಹುಕುಂ ಅಂತೂ ಕೇಳುವುದೇ ಬೇಡ. ಅವರು ಕೇಳುವುದು ಭೂಪರಿವರ್ತನೆ ಆದ ಸೈಟು, ಪೇಟೆಯ ಮನೆ, ಎಫ್‌ಡಿ, ಎಲ್‌ಐಸಿ ಪಾಲಿಸಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಧಾರವೂ ಬೇಡ, ಕೈಯಿಂದ ಮಾರ್ಜಿನ್ನೂ ಬೇಡ. ಅದರ ಮೇಲೆ ಹೋದರೆ ವಿದೇಶದ ಓದಿಗೆ 15 ಪರ್ಸೆಂಟ್ ಮಾರ್ಜಿನ್. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ. ಒಂದು ಸೆಮ್‌ಗೆ ಸಾಲ ಕೊಡಲು ಮ್ಯಾನೇಜರ್‌ಗಳು ತಡವರಿಸುತ್ತಾರೆ, ಏಕೆಂದರೆ ಡಿಗ್ರಿ ಇಲ್ಲಿಯದು. ಕಾಲೇಜಿನಿಂದ "ಈ ಸೆಮ್ ನಮ್ಮ ಕೋರ್ಸಿನದೇ ಭಾಗ" ಅಂತ ಪತ್ರ ತೆಗೆದುಕೊಂಡು ಹೋಗು.

ದುಡ್ಡು ಕಳಿಸುವಾಗ ಬ್ಯಾಂಕಿನವರು ತುಂಬಿಸುವ ಫಾರ್ಮ್ ಎ2ನಲ್ಲಿ ಶಿಕ್ಷಣದ ಪರ್ಪಸ್ ಕೋಡ್ ಎಸ್0305 ಹಾಕಿಸು. ವರ್ಷಕ್ಕೆ 10 ಲಕ್ಷದೊಳಗೆ ಟಿಸಿಎಸ್ (ಕಳಿಸುವಾಗಲೇ ಹಿಡಿಯುವ ತೆರಿಗೆ) ಇಲ್ಲ, ನಿನ್ನದು ಅದರೊಳಗೇ ಮುಗಿಯುತ್ತದೆ. ಕಳಿಸುವವರ ಪ್ಯಾನ್ ಬೇಕು, ಅಪ್ಪನಿಗೆ ಪ್ಯಾನ್ ಇಲ್ಲದಿದ್ದರೆ ಇವತ್ತೇ ಮಾಡಿಸು.

ತೀರ್ಥಹಳ್ಳಿ ಹುಡುಗ

ಶಂಕರಘಟ್ಟ ರಸ್ತೆ ಸರ್, ಪಹಣಿ ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಕೇಳ್ತೀನಿ. ಜಪಾನಿನಲ್ಲಿ ಸ್ಕಾಲರ್‌ಶಿಪ್ ಸುಲಭ ಅಂತಾರೆ, ಹೌದಾ? ಮತ್ತೆ, ಮಳೆಗಾಲದ ತೇವಕ್ಕೆ ಹಾಳಾಗಬಾರದು ಅಂತ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳಿಗೆ ಅಮ್ಮ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ. ತೊಂದರೆ ಆಗುತ್ತಾ?

ಎಂಟನೇ ಸೆಮ್

ಆರನೇ ಸೆಮ್ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಂಟರಲ್ಲಿ ಇರುವುದು ಇಂಟರ್ನ್‌ಶಿಪ್, ಆನ್‌ಲೈನ್ ಕೋರ್ಸ್ ಅಷ್ಟೇ. ಅಲ್ಲಿಯ ಲ್ಯಾಬಿನಲ್ಲಿ ಆರು ತಿಂಗಳು ಕೆಲಸ ಮಾಡಿ ಬಂದರೆ ಒಂದೇ ಸಾಲಿನ ಹೋಲಿಕೆಯಲ್ಲಿ ಕ್ರೆಡಿಟ್ ಮುಗಿಯಿತು. ಕೋರ್ ವಿಷಯ ಹೊಂದಿಸುವ ಗೋಳೇ ಇಲ್ಲ.

ಶಂಕರಘಟ್ಟ ರಸ್ತೆ

ಕ್ರೆಡಿಟ್ ಮಟ್ಟಿಗೆ ನೀವು ಹೇಳಿದ್ದು ಸರಿ. ತೊಂದರೆ ಇರುವುದು ಕೊನೆಯಲ್ಲಿ. ಅಲ್ಲಿಯ ಅಂಕಪಟ್ಟಿ ಪರೀಕ್ಷೆ ಮುಗಿದ ತಿಂಗಳು ಎರಡು ತಿಂಗಳಿಗೆ ಬರುತ್ತದೆ. ಎಂಟನೇ ಸೆಮ್ ಆದರೆ ಅದು ಬರುವವರೆಗೆ ಡಿಗ್ರಿಯೇ ನಿಲ್ಲುತ್ತದೆ, ಜುಲೈಯಲ್ಲಿ ಕೆಲಸಕ್ಕೆ ಸೇರಬೇಕಾದವರಿಗೆ ಪ್ರೊವಿಷನಲ್ ಸರ್ಟಿಫಿಕೇಟ್ ಇರುವುದಿಲ್ಲ. ಆರನೆಯದರಲ್ಲಿ ತಡವಾದರೆ ಏಳರ ನಡುವೆ ಸರಿಹೋಗುತ್ತದೆ. ಅಲ್ಲಿಯ ಲ್ಯಾಬಿನಲ್ಲಿ ಒಪ್ಪುವ ಪ್ರೊಫೆಸರ್ ಮೊದಲೇ ಸಿಕ್ಕಿದ್ದು, ಕ್ಯಾಂಪಸ್ ಪ್ಲೇಸ್‌ಮೆಂಟ್ ಬೇಡ ಎನ್ನುವವರಿಗೆ ಎಂಟು ಒಳ್ಳೆಯದೇ.

ಮಾರ್ಕ್ಸ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರಿಯ ಪಾಸು. ನಿಮ್ಮ 8.2ನ್ನು ಅವರು ಬವೇರಿಯನ್ ಸೂತ್ರದಲ್ಲಿ ನೋಡುತ್ತಾರೆ: ಗರಿಷ್ಠದಿಂದ ನಿಮ್ಮದನ್ನು ಕಳೆದು, ಗರಿಷ್ಠದಿಂದ ಪಾಸಿನ ಅಂಕ ಕಳೆದದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. ಪಾಸು 4 ಆದರೆ 1.9 ಬರುತ್ತದೆ, ಒಳ್ಳೆಯ ಅಂಕ. ಆ ಕಡೆಯಿಂದ ಬಂದ 1.7 ಅಥವಾ 2.3ನ್ನು ಇಲ್ಲಿ ಯಾವ ಗ್ರೇಡ್ ಮಾಡುತ್ತೀರಿ ಎನ್ನುವುದನ್ನೂ ಅದೇ ಕೌನ್ಸಿಲ್ ಪತ್ರದಲ್ಲಿ ಬರೆಸಿ. ಬರೆಸದಿದ್ದರೆ ಪರೀಕ್ಷಾ ವಿಭಾಗದ ಕಂಪ್ಯೂಟರಿನಲ್ಲಿ 1.7 ಅಂದರೆ ಫೇಲ್.

ಒನಕೆ ಅಬ್ಬಿ

ಜಪಾನ್ ಬಗ್ಗೆ. ಸ್ಕಾಲರ್‌ಶಿಪ್ "ಸುಲಭ" ಅನ್ನುವುದು ತಪ್ಪು, "ಇದೆ" ಅನ್ನಬಹುದು. ಒಪ್ಪಂದದ ಮೇಲೆ ಬರುವ ಅಲ್ಪಾವಧಿ ವಿದ್ಯಾರ್ಥಿಗಳಿಗೆ ಜಾಸ್ಸೋ (ಜಪಾನಿನ ವಿದ್ಯಾರ್ಥಿ ಸೇವಾ ಸಂಸ್ಥೆ) ತಿಂಗಳಿಗೆ 80,000 ಯೆನ್ ಕೊಡುತ್ತದೆ. ಅದಕ್ಕೆ ನೀವು ನೇರ ಅರ್ಜಿ ಹಾಕುವ ಹಾಗಿಲ್ಲ, ಅಲ್ಲಿಯ ಯೂನಿವರ್ಸಿಟಿಯೇ ಹೆಸರು ಕೊಡಬೇಕು, ಅವರಿಗೂ ಸಂಖ್ಯೆ ಮಿತಿ. ನಾಮಿನೇಷನ್ ಫಾರ್ಮಿನಲ್ಲಿ "ಜಾಸ್ಸೋಗೆ ಪರಿಗಣಿಸಿ" ಎಂಬ ಟಿಕ್ ಇದ್ದರೆ ಹಾಕಲು ಮರೆಯಬೇಡಿ. ಬರದಿದ್ದರೂ ಹೋಗಬಲ್ಲೆ ಅಂತ ದುಡ್ಡು ತೋರಿಸಲೇಬೇಕು.

ಅಲ್ಲಿ ಸೆಮ್ ಏಪ್ರಿಲ್‌ನಿಂದ ಆಗಸ್ಟ್ ಮೊದಲ ಭಾಗದವರೆಗೆ, ಇನ್ನೊಂದು ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಆರನೇ ಸೆಮ್‌ಗೆ ಏಪ್ರಿಲ್ ಹೊಂದುತ್ತದೆ. ವೀಸಾದ ಮುಖ್ಯ ಕಾಗದ ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ, ಜನ ಸಿಒಇ ಅನ್ನುತ್ತಾರೆ. ಅದನ್ನು ಯೂನಿವರ್ಸಿಟಿ ಅಲ್ಲಿಯ ಇಮಿಗ್ರೇಷನ್‌ನಲ್ಲಿ ಹಾಕುತ್ತದೆ, ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಏಪ್ರಿಲ್‌ಗೆ ಹೋಗಬೇಕಾದರೆ ನವೆಂಬರ್ ಡಿಸೆಂಬರ್‌ನಲ್ಲೇ ಪಾಸ್‌ಪೋರ್ಟ್ ಪ್ರತಿ, ಅಪ್ಪನ ಬ್ಯಾಂಕ್ ಬ್ಯಾಲೆನ್ಸ್ ಸರ್ಟಿಫಿಕೇಟ್ ಎಲ್ಲ ತಲುಪಿರಬೇಕು. ಪಾಸ್‌ಪೋರ್ಟ್ ಆಗ ಮಾಡಿಸಲು ಹೊರಟರೆ ತಪ್ಪಿಹೋಯಿತು. ಸಿಒಇ ಬಂದಮೇಲೆ ವೀಸಾ ಬೇಗ ಆಗುತ್ತದೆ, ಬೆಂಗಳೂರಿನಲ್ಲೇ. ಮೂರು ತಿಂಗಳು ಮೀರಿ ಇರುವವರು ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು, ಆಸ್ಪತ್ರೆ ಬಿಲ್ಲಿನ 30 ಪರ್ಸೆಂಟ್ ನೀವು ಕೊಡುವುದು. ಪರ್ಮಿಷನ್ ತೆಗೆದುಕೊಂಡರೆ ವಾರಕ್ಕೆ 28 ಗಂಟೆ ಪಾರ್ಟ್‌ಟೈಮ್ ಕೆಲಸ ಮಾಡಬಹುದು, ಆದರೆ ಜಪಾನೀಸ್ ಬಾರದೆ ಒಂದು ಸೆಮ್‌ನಲ್ಲಿ ಕೆಲಸ ಸಿಗುವುದನ್ನು ನಂಬಿ ಬಜೆಟ್ ಹಾಕಬೇಡಿ.

ನನ್ನ ಲೆಕ್ಕದಲ್ಲಿ ಆಯ್ಕೆ ದೇಶ ನೋಡಿ ಅಲ್ಲ. ಇಂಗ್ಲಿಷಿನಲ್ಲಿ ಎಲೆಕ್ಟ್ರಾನಿಕ್ಸ್ ವಿಷಯ ಎಲ್ಲಿ ಹೆಚ್ಚು ಇದೆಯೋ ಅಲ್ಲಿಗೆ. ಜಪಾನಿನ ಎಷ್ಟೋ ಎಕ್ಸ್‌ಚೇಂಜ್ ಪ್ರೋಗ್ರಾಂಗಳಲ್ಲಿ ಇಂಗ್ಲಿಷಿನಲ್ಲಿ ಸಿಗುವುದು ಭಾಷೆ, ಸಂಸ್ಕೃತಿಯ ಕೋರ್ಸು. ಅದನ್ನು ನಿಮ್ಮ ಬೋರ್ಡ್ ಆಫ್ ಸ್ಟಡೀಸ್ ಮೈಕ್ರೋವೇವ್ಸ್ ಎಂಬ ವಿಷಯದ ಬದಲಿಗೆ ಒಪ್ಪುವುದಿಲ್ಲ.

ಮಿಡಿ ಉಪ್ಪಿನಕಾಯಿ

ಲ್ಯಾಮಿನೇಷನ್ ತೊಂದರೆಯೇ. ಮೂಲ ಪ್ರತಿಯ ಹಿಂಬದಿಗೆ ಸೀಲು, ಸ್ಟಿಕರ್ ಹಾಕಬೇಕಾಗುವುದರಿಂದ ಅಪೊಸ್ಟಿಲ್, ಅಟೆಸ್ಟೇಷನ್‌ಗೆ (ವಿದೇಶದಲ್ಲಿ ನಡೆಯುವಂತೆ ಸರ್ಕಾರ ಹಾಕುವ ದೃಢೀಕರಣ) ಲ್ಯಾಮಿನೇಟ್ ಆದದ್ದನ್ನು ತೆಗೆದುಕೊಳ್ಳುವುದಿಲ್ಲ. ಕಿತ್ತುನೋಡಲು ಹೋಗಬೇಡಿ, ಶಾಯಿಯೂ ಅದರ ಜತೆ ಬರುತ್ತದೆ. ಎಕ್ಸ್‌ಚೇಂಜ್‌ಗೆ ಎಲ್ಲರೂ ಅಪೊಸ್ಟಿಲ್ ಕೇಳುವುದಿಲ್ಲ, ಬಹಳ ಕಡೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಸಾಕು. ಆದ್ದರಿಂದ ಮೊದಲು ಕೇಳಿ. ಬೇಕು ಎಂದರೆ ಪರೀಕ್ಷಾ ಮಂಡಳಿಗೆ ಶಾಲೆ ಮೂಲಕ ದ್ವಿಪ್ರತಿಗೆ ಅರ್ಜಿ ಹಾಕಿ. ಮುಂದಿನ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬದಲ್ಲಿ ಇಡಲು ಅಮ್ಮನಿಗೆ ಹೇಳಿ, ಮಳೆಗಾಲಕ್ಕೆ ಅದೇ ಸಾಕು.

ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಚ್. ಆರ್. ಎಂದರೆ ಊರು ಹೆದ್ದೂರು, ಅಪ್ಪ ರಾಮಪ್ಪ ಎಂದಿಟ್ಟುಕೊಳ್ಳಿ. ಎರಡನ್ನೂ ಹೆಸರಿಗೆ ಸೇರಿಸಬೇಕೋ, ಯಾವುದು ಸರ್‌ನೇಮ್ ಎನ್ನುವುದನ್ನು ಮೊದಲು ಮನೆಯಲ್ಲಿ ತೀರ್ಮಾನಿಸಿ, ಆಧಾರ್ ಅದೇ ರೀತಿ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್. ಸರ್‌ನೇಮ್ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ ವಿಮಾನದ ಟಿಕೆಟ್, ಯೂನಿವರ್ಸಿಟಿ ಪೋರ್ಟಲ್, ಬ್ಯಾಂಕ್ ಎಲ್ಲ ಕಡೆ ಆ ಜಾಗ ಖಾಲಿ ಬಿಡಲು ಬರುವುದಿಲ್ಲ, ಒಂದೊಂದು ಕಡೆ ಒಂದೊಂದು ಹೆಸರಾಗುತ್ತದೆ. ಶಿವಮೊಗ್ಗದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ, 36 ಪುಟದ್ದಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000. ವಿಳಾಸ ಹಾಸ್ಟೆಲ್‌ದು ಕೊಡಬೇಡಿ, ಪೊಲೀಸ್ ಪರಿಶೀಲನೆಗೆ ಬಂದಾಗ ಮನೆಯಲ್ಲಿ ಯಾರಾದರೂ ಇರುವ ವಿಳಾಸ ಇರಲಿ.

ಜರ್ಮನಿ ವೀಸಾ ಅರ್ಜಿ ಬೆಂಗಳೂರು ಕಾನ್ಸುಲೇಟಿನ ವ್ಯಾಪ್ತಿ. 6ರಿಂದ 12 ವಾರ ಇಟ್ಟುಕೊಳ್ಳಿ. ಏಜೆಂಟರು ಹೆದರಿಸುವ ಎಪಿಎಸ್ ಸರ್ಟಿಫಿಕೇಟ್ (ಅಂಕಪಟ್ಟಿಗಳು ಅಸಲಿ ಎಂದು ಜರ್ಮನಿಯವರು ಪರಿಶೀಲಿಸಿ ಕೊಡುವುದು), 18,000 ರೂಪಾಯಿಯದ್ದು, ಪೂರ್ತಿ ಡಿಗ್ರಿಗೆ ಹೋಗುವವರಿಗೆ ಕಡ್ಡಾಯ. ಎಕ್ಸ್‌ಚೇಂಜ್‌ಗೆ ಕಾನ್ಸುಲೇಟಿನದೇ ಬೇರೆ ಚೆಕ್‌ಲಿಸ್ಟ್ ಇದೆ, ಅದನ್ನೇ ಇಳಿಸಿಕೊಂಡು ಸಾಲು ಸಾಲು ಹೊಂದಿಸಿ. ಫೋಟೊ 35 ಗುಣಿಸು 45 ಮಿಲಿಮೀಟರ್. ಆನ್‌ಲೈನ್ ಇಂಟರ್‌ವ್ಯೂ ಏನಾದರೂ ಇದ್ದರೆ ಜುಲೈ ಮಳೆಯಲ್ಲಿ ಊರಿನ ನೆಟ್‌ವರ್ಕ್ ನಂಬಬೇಡಿ, ಕರೆಂಟು ಹೋದರೆ ಟವರೂ ಹೋಗುತ್ತದೆ. ಶಿವಮೊಗ್ಗಕ್ಕೆ ಬನ್ನಿ.

ಪೆಟ್ಟಿಗೆ ವಿಷಯ ಯಾರೂ ಕೇಳಿಲ್ಲ, ಆದರೂ ಅಮ್ಮಂದಿರಿಗಾಗಿ ಹೇಳಿಬಿಡುತ್ತೇನೆ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡ ಎರಡೂ ಇದರಲ್ಲಿ ಬಂತು. ಕೊಬ್ಬರಿ ಬಟ್ಟಲು ಬೆಂಕಿ ಹೊತ್ತುವ ಸರಕಿನ ಪಟ್ಟಿಯಲ್ಲಿದೆ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದು, ಚೆಕ್‌ಇನ್ ಪೆಟ್ಟಿಗೆಯಲ್ಲಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಟೇಪ್ ಸುತ್ತಿ, ಎರಡು ಕವರಿನೊಳಗೆ. ಕ್ಯಾಬಿನ್ ಚೀಲದಲ್ಲಿ ಇಟ್ಟರೆ 100 ಮಿಲಿಲೀಟರ್ ನಿಯಮಕ್ಕೆ ಸಿಕ್ಕಿ ಕಸದ ಬುಟ್ಟಿಗೆ ಹೋಗುತ್ತದೆ.

ಜರ್ಮನಿಯಲ್ಲಿ ಇಳಿದ ಮೇಲಿನ ಸರಪಳಿ ತಿಳಿದಿರಲಿ. ಮನೆ ಮಾಲೀಕರ ಪತ್ರ ಇಲ್ಲದೆ ವಿಳಾಸ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬಹಳ ಬ್ಯಾಂಕುಗಳಲ್ಲಿ ಖಾತೆ ಇಲ್ಲ, ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಇಲ್ಲ. ಇದೆಲ್ಲ ಸರಿಹೋಗಲು ಮೂರು ನಾಲ್ಕು ವಾರ ಬೇಕು. ಅಷ್ಟರವರೆಗೆ 1,000ದಿಂದ 1,500 ಯೂರೋ ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ಇರಲಿ, ಠೇವಣಿಯೂ ಇದರಲ್ಲೇ ಹೋಗುತ್ತದೆ. ರೂಮ್ ನೋಡದೆ, ಕೀ ಕೈಗೆ ಬಾರದೆ ಯಾರಿಗೂ ಠೇವಣಿ ಕಳಿಸಬೇಡಿ. "ಊರಲ್ಲಿಲ್ಲ, ಕೀ ಕೊರಿಯರ್ ಮಾಡ್ತೀನಿ" ಎನ್ನುವ ಮಾಲೀಕ ಅಂದರೆ ನೂರಕ್ಕೆ ನೂರು ಮೋಸ.

ವಾಪಸ್ ಬರುವಾಗ ಯೂನಿವರ್ಸಿಟಿಯಿಂದ ಹೆಸರು ತೆಗೆಸುವುದು, ವಿಳಾಸ ರದ್ದು ಮಾಡಿಸುವುದು, ಇನ್ಶೂರೆನ್ಸ್ ನಿಲ್ಲಿಸುವುದು, ಮೂರನ್ನೂ ಬರಹದಲ್ಲಿ ಮಾಡಿ ಪ್ರತಿ ಇಟ್ಟುಕೊಳ್ಳಿ. ಮನೆಗೊಂದರಂತೆ ಬರುವ ರೇಡಿಯೊ ಶುಲ್ಕ, ತಿಂಗಳಿಗೆ 18.36 ಯೂರೋ, ಅದನ್ನೂ ನಿಲ್ಲಿಸಬೇಕು. ಅಂಕಪಟ್ಟಿಯನ್ನು ಅಲ್ಲಿಯ ಇಂಟರ್‌ನ್ಯಾಷನಲ್ ಆಫೀಸ್ ನೇರ ನಿಮ್ಮ ಪರೀಕ್ಷಾ ವಿಭಾಗಕ್ಕೆ ಇಮೇಲ್ ಮಾಡುವಂತೆ, ನಿಮಗೂ ಒಂದು ಪ್ರತಿ ಬರುವಂತೆ, ಹೊರಡುವ ಮೊದಲೇ ಕೇಳಿಕೊಂಡು ಬನ್ನಿ.